ಗೋಡೆ ಸರ್ಕಾರದ್ದು, ಊರು ಕಾರ್ಮಿಕರದ್ದು

ಕೇಳುಗರಿಗೆ ನಮಸ್ಕಾರ. ಮುಂಬಯಿಯಲ್ಲಿ ಪರೇಲ್, ವರ್ಲಿ, ನಾಯಗಾಂವ್ ಸೇರಿದ, ಬಟ್ಟೆ ಗಿರಣಿಗಳು ತುಂಬಿದ್ದ ಭಾಗಕ್ಕೆ ಗಿರಣಗಾಂವ್, ಅಂದರೆ ಗಿರಣಿಗಳ ಊರು, ಎಂದು ಹೆಸರು. ಅದನ್ನು ಕಟ್ಟಿದವರು ಯಾರೆಂದು ಕೇಳಿದರೆ ಬಹುತೇಕರು ಸರ್ಕಾರವನ್ನೋ ಮಾಲೀಕರನ್ನೋ ನೆನೆಯುತ್ತಾರೆ. ಗೋಡೆಗಳ ಮಟ್ಟಿಗೆ ಅದು ಸರಿ. ಊರನ್ನು ಕಟ್ಟಿದವರು ಕಾರ್ಮಿಕರು.

ಕಾವಸ್‌ಜಿ ದಾವರ್ ಅವರು 1854ರಲ್ಲಿ ಮೊದಲ ಗಿರಣಿಯನ್ನು ಸ್ಥಾಪಿಸಿದ ಮೇಲೆ ಕೊಂಕಣದಿಂದಲೂ ಘಟ್ಟದ ಮೇಲಿನ ಹಳ್ಳಿಗಳಿಂದಲೂ ಜನ ಕೂಲಿ ಅರಸಿ ಬಂದರು. ಅವರಿಗೆ ನೆಟ್ಟಗೊಂದು ಸೂರು ಬೇಕೆಂಬುದು ಆಳುವವರಿಗೆ ತಟ್ಟಿದ್ದು 1896ರ ಪ್ಲೇಗಿನಲ್ಲಿ ಗಾಳಿ ಬೆಳಕಿಲ್ಲದ ಕೇರಿಗಳಲ್ಲಿ ಸಾವು ಹಬ್ಬಿದಾಗ. 1920ರಲ್ಲಿ ಹುಟ್ಟಿದ ಬಾಂಬೆ ಅಭಿವೃದ್ಧಿ ಇಲಾಖೆಯು ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ ಮತ್ತು ಶಿವಡಿಗಳಲ್ಲಿ ಒಟ್ಟು 207 ಕಾಂಕ್ರೀಟು ಚಾಳಗಳನ್ನು ಎಬ್ಬಿಸಿತು. ಒಂದೊಂದರಲ್ಲಿ 80 ಕೋಣೆ, ಕೋಣೆಗೆ ಸುಮಾರು 160 ಚದರಡಿ, ಶೌಚಾಲಯ ಎಲ್ಲರಿಗೂ ಸೇರಿದ್ದು. ಆರಂಭದ ವರ್ಷಗಳಲ್ಲಿ ವರ್ಲಿಯ ಅನೇಕ ಕೋಣೆಗಳು ಖಾಲಿ ಬಿದ್ದಿದ್ದವು. ಗೋಡೆ ನಿಂತ ಮಾತ್ರಕ್ಕೆ ಊರಾಗುವುದಿಲ್ಲ, ದಯವಿಟ್ಟು ಇದನ್ನು ಗಮನಿಸಬೇಕು.

ಊರಾದ ಬಗೆಯನ್ನು ನನಗೆ ತೋರಿಸಿದವರು ಅಲ್ಲಿಯ ನಿವೃತ್ತ ನೇಕಾರರೊಬ್ಬರು. ಅವರ ಕೋಣೆಯ ಗೋಡೆಗೆ ಒಂದು ಮರದ ಪಟ್ಟಿ, ಅದರಲ್ಲಿ ಹನ್ನೊಂದು ಗೂಟಗಳು. ಹರೆಯದಲ್ಲಿ ಅವರೊಂದಿಗೆ ಅದೇ ಕೋಣೆಯಲ್ಲಿದ್ದವರು ಒಂದೇ ಹಳ್ಳಿಯ ಹತ್ತು ಮಂದಿ. ತಲೆಗೊಂದು ಗೂಟ, ಅದಕ್ಕೆ ಒಂದು ಅಂಗಿ, ಒಂದು ಚೀಲ. ರಾತ್ರಿ ಪಾಳಿಯವರು ಹೊರಟಾಗ ಹಗಲು ಪಾಳಿಯವರು ಅವರ ಜಾಗದಲ್ಲಿ ಚಾಪೆ ಬಿಡಿಸುತ್ತಿದ್ದರು. ಯಾರಿಗಾದರೂ ಕೆಲಸ ತಪ್ಪಿದರೆ ಅವರ ಪಾಲಿನ ಬಾಡಿಗೆಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು, ಗೂಟವನ್ನು ಮಾತ್ರ ಬೇರೆಯವರಿಗೆ ಕೊಡುತ್ತಿರಲಿಲ್ಲ. "ಆರನೆಯದು ನನ್ನದು ಸಾಹೇಬರೇ" ಎಂದು ಆ ಹಿರಿಯರು ಎದ್ದುಹೋಗಿ ಅದನ್ನು ಮುಟ್ಟಿ ತೋರಿಸಿದರು. ಯಾವ ಇಲಾಖೆಯ ನಕ್ಷೆಯಲ್ಲಿ ಈ ಗೂಟಗಳಿದ್ದವು, ತಾವೇ ಹೇಳಿ.

ಸಮಯ ಸರಿಯುತ್ತಿರುವುದರಿಂದ ಉಳಿದುದನ್ನು ಬೇಗ ಹೇಳುತ್ತೇನೆ. ಈ ಒಂಟಿ ಗಂಡಸರಿಗೆ ಊಟ ಹಾಕಿದವರು ಖಾನಾವಳಿಯ ಹೆಂಗಸರು. ಅವರನ್ನು ಸಂಘಟಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದರು. ಅದನ್ನೂ ಮಾಲೀಕರು ಕಟ್ಟಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು; ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಜನ ಮಾತ್ರ ಚಾಳಗಳಲ್ಲೇ ಉಳಿದರು. ಈಗ ಹಳೆಯ ಕಟ್ಟಡಗಳನ್ನು ಕೆಡವಿ ಆ ಕುಟುಂಬಗಳಿಗೆ 500 ಚದರಡಿಯ, ಶೌಚಾಲಯವಿರುವ ಮನೆಗಳನ್ನು ಕೊಡಲಾಗುತ್ತಿದೆ. ಅದು ಅವರಿಗೆ ಸಲ್ಲಬೇಕಾದದ್ದೇ. ಸಲ್ಲುವುದಕ್ಕೆ ನೂರು ವರ್ಷ ಹಿಡಿಯಿತು.