ಹಿಂದಿನ ಓದಿಗೆ ಮುಂದಿನ ಕಾಲೇಜಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕ್ರೈಸ್ತ ದೈವಶಾಸ್ತ್ರ ಕಾಲೇಜುಗಳ ಪ್ರವೇಶ ಅರ್ಜಿಯಲ್ಲಿ ‘ಹಿಂದಿನ ವ್ಯಾಸಂಗ’ ಎಂಬ ಒಂದು ಕಲಮು ಇರುತ್ತದೆ. ಹೆಚ್ಚಿನವರು ಅಲ್ಲಿ ಪದವಿಯ ಹೆಸರು ಬರೆದು ಮುಂದಕ್ಕೆ ಹೋಗುತ್ತಾರೆ. ಕೆಲವರಿಗೆ ಮಾತ್ರ ಆ ಜಾಗ ಸಾಲುವುದಿಲ್ಲ. ಬೇರೊಂದು ಕಾಲೇಜಿನಲ್ಲಿ ಎರಡು ವರ್ಷ ಓದಿ ಮನೆಯ ಕಷ್ಟಕ್ಕೆ ಬಿಟ್ಟವರು ಇರುತ್ತಾರೆ. ಅಂಚೆಯ ಮೂಲಕ ಬೈಬಲ್ ಅಧ್ಯಯನದ ಡಿಪ್ಲೊಮಾ ಮುಗಿಸಿದವರು, ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವರು, ಇಪ್ಪತ್ತು ವರ್ಷ ಚರ್ಚಿನ ಸಭೆಯೊಂದನ್ನು ನಡೆಸಿ ತಲೆ ನರೆತ ಮೇಲೆ ಪದವಿಗೆ ಬಂದವರು ಇರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: ಆಗಲೇ ಓದಿದ್ದನ್ನು ಮತ್ತೆ ಓದಬೇಕೆ? ಕಾಲೇಜುಗಳು ಇದಕ್ಕೆ ಏನು ಉತ್ತರ ಕೊಡುತ್ತವೆ, ಏನು ಕೊಟ್ಟರೆ ನ್ಯಾಯ ಎಂಬುದು ಇಂದಿನ ವಿಷಯ.

ಮೊದಲು ಲೆಕ್ಕವನ್ನು ಮುಗಿಸಿಬಿಡೋಣ. ಕ್ರೆಡಿಟ್ ಎಂದರೆ ವಿದ್ಯಾರ್ಥಿ ಓದಿಗಾಗಿ ಪಟ್ಟ ಶ್ರಮದ ಅಳತೆ. ಆದರೆ ಇಲ್ಲಿ ಊರಿಗೊಂದು ಸೇರು. ಯುರೋಪಿನ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್. ಒಂದೊಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ಕೆಲಸ. ಬ್ರಿಟನ್ನಿನಲ್ಲಿ ಅದೇ ವರ್ಷಕ್ಕೆ 120 ಕ್ರೆಡಿಟ್, ಒಂದಕ್ಕೆ 10 ಗಂಟೆ. ಅಮೆರಿಕದಲ್ಲಿ ವಾರಕ್ಕೊಂದು ಗಂಟೆ ತರಗತಿ, ಹೊರಗೆ ಎರಡು ಗಂಟೆ ಓದು, ಹೀಗೆ ಸುಮಾರು 15 ವಾರ ನಡೆದರೆ ಒಂದು ಕ್ರೆಡಿಟ್. ಹಾಗಾಗಿ ಬ್ರಿಟನ್ನಿನ ಅಂಕಪಟ್ಟಿಯಲ್ಲಿ 20 ಎಂದಿರುವುದು ಯುರೋಪಿನ ಲೆಕ್ಕದಲ್ಲಿ 10 ಆಗುತ್ತದೆ, ಅಮೆರಿಕದಲ್ಲಿ ಹೆಚ್ಚುಕಡಿಮೆ 5. ಅಂಕಿಯನ್ನಷ್ಟೇ ನೋಡುವ ಕಚೇರಿಯಲ್ಲಿ ಒಬ್ಬನಿಗೆ ನಾಲ್ಕು ಪಟ್ಟು ಸಿಕ್ಕೀತು, ಇನ್ನೊಬ್ಬನಿಗೆ ಕಾಲು ಪಾಲು ಉಳಿದೀತು. ಆದರೂ ಇದು ಗುಣಾಕಾರ ಭಾಗಾಕಾರದ ಕಷ್ಟ, ಒಂದು ಮಧ್ಯಾಹ್ನದಲ್ಲಿ ಬಗೆಹರಿಯುತ್ತದೆ.

ಬಗೆಹರಿಯದೆ ಉಳಿಯುವ ಗೊಂದಲ ಬೇರೆಯದು. ವಿನಾಯಿತಿ ಮತ್ತು ಕ್ರೆಡಿಟ್, ಇವೆರಡನ್ನೂ ವಿದ್ಯಾರ್ಥಿಗಳು ಒಂದೇ ಎಂದುಕೊಳ್ಳುತ್ತಾರೆ. ಕಾಲೇಜುಗಳೂ ಬಿಡಿಸಿ ಹೇಳುವುದಿಲ್ಲ. ಮೂರು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಿದ ಒಬ್ಬಳು ಪದವಿ ತರಗತಿಯಲ್ಲಿಯೇ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಪರಿಚಯವನ್ನು ಓದಿದ್ದಾಳೆ ಎನ್ನಿ. ಕಾಲೇಜು ವಿನಾಯಿತಿ ಕೊಟ್ಟರೆ ಅವಳು ಆ ಪರಿಚಯದ ತರಗತಿಯಲ್ಲಿ ಕೂರಬೇಕಾಗಿಲ್ಲ. ಅದೇ ವೇಳೆಗೆ ಅದರೊಳಗಿನ ಒಂದೇ ಪುಸ್ತಕವನ್ನು, ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು, ವಿಶೇಷ ವಿಷಯವಾಗಿ ಓದಬಹುದು. ಒಟ್ಟು ಕ್ರೆಡಿಟ್ಟುಗಳು ಅಷ್ಟೇ, ಕಾಲವೂ ಅಷ್ಟೇ, ಶುಲ್ಕವೂ ಅಷ್ಟೇ. ಕ್ರೆಡಿಟ್ಟನ್ನೇ ಕೊಟ್ಟರೆ ಮುಗಿಸಬೇಕಾದ ಮೊತ್ತದಲ್ಲಿ ಅಷ್ಟು ಕಡಿತವಾಗುತ್ತದೆ, ಅವಳು ಬೇಗ ಹೊರಬೀಳುತ್ತಾಳೆ. ‘ನಿಮಗೆ ಈ ವಿಷಯ ಬಿಟ್ಟಿದ್ದೇವೆ’ ಎಂಬ ಪ್ರಾಂಶುಪಾಲರ ಒಂದು ಮಾತನ್ನು ನಂಬಿ, ಒಂದು ಸೆಮಿಸ್ಟರ್ ಉಳಿಯಿತೆಂದು ಮನೆಯವರಿಗೆ ತಿಳಿಸಿ, ಕೊನೆಯ ವರ್ಷ ಕಂಗಾಲಾದವರು ಇದ್ದಾರೆ.

ನನ್ನ ಅಭಿಪ್ರಾಯ ಇಷ್ಟು: ವಿನಾಯಿತಿಯನ್ನು ಧಾರಾಳವಾಗಿ ಕೊಡಬೇಕು, ಕ್ರೆಡಿಟ್ಟನ್ನು ಅಳೆದು ತೂಗಿ ಕೊಡಬೇಕು. ವಿನಾಯಿತಿಯಿಂದ ಯಾರಿಗೂ ನಷ್ಟವಿಲ್ಲ. ಹೆಚ್ಚೆಂದರೆ ‘ನನ್ನ ತರಗತಿಯಲ್ಲಿ ಕೂರದವರಿಗೆ ಸಭಾ ಚರಿತ್ರೆ ಬರುವುದುಂಟೇ’ ಎನ್ನುವ ಅಧ್ಯಾಪಕರ ಗತ್ತಿಗೆ ಕೊಂಚ ಧಕ್ಕೆಯಾದೀತು. ಕ್ರೆಡಿಟ್ ಹಾಗಲ್ಲ. ಅದನ್ನು ಕೊಟ್ಟ ಕಾಲೇಜು, ತಾನು ಕಲಿಸದೇ ಇದ್ದದ್ದಕ್ಕೂ ತನ್ನ ಮುದ್ರೆ ಒತ್ತುತ್ತದೆ.

ಅಳೆಯುವುದು ಹೇಗೆ? ವಿಷಯದ ಹೆಸರನ್ನು ನೋಡಿ ತೀರ್ಮಾನಿಸುವುದು ಸುಲಭ, ಆದರೆ ಅದರಿಂದ ಪ್ರಯೋಜನವಿಲ್ಲ. ಎರಡು ಕಾಲೇಜುಗಳ ಪಠ್ಯಕ್ರಮವನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡರಲ್ಲೂ ‘ಹೊಸ ಒಡಂಬಡಿಕೆಯ ಪರಿಚಯ’ ಎಂದೇ ಇದೆ. ಒಂದರಲ್ಲಿ 27 ಪುಸ್ತಕಗಳೂ ವರಸೆಯಾಗಿ ಬರುತ್ತವೆ: ಬರೆದವರು ಯಾರು, ಯಾರಿಗೆ ಬರೆದರು, ಅಧ್ಯಾಯಗಳ ಸಾರಾಂಶವೇನು, ಬಾಯಿಪಾಠದ ವಚನಗಳು ಯಾವುವು. ಇನ್ನೊಂದರಲ್ಲಿ ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳಲ್ಲಿ ಸಾಲಿಗೆ ಸಾಲೇ ಹೊಂದಿಕೊಳ್ಳುವುದೇಕೆ, ಯಾರು ಯಾರನ್ನು ನೋಡಿ ಬರೆದಿರಬಹುದು ಎಂಬ ಚರ್ಚೆಗೇ ಮೂರು ವಾರ. ಎಫೆಸದವರಿಗೆ ಬರೆದ ಪತ್ರಿಕೆ ಪೌಲನದೇ ಎಂಬುದಕ್ಕೆ ಪರ ವಿರೋಧ ವಾದಗಳನ್ನು ಓದಿಕೊಂಡು ವಿದ್ಯಾರ್ಥಿಯೇ ಪ್ರಬಂಧ ಬರೆಯಬೇಕು. ಮೊದಲನೆಯದನ್ನು ಓದಿದವರು ಬೈಬಲನ್ನು ಚೆನ್ನಾಗಿ ಬಲ್ಲರು. ಎರಡನೆಯದನ್ನು ಓದಿದವರು ಅದರ ಬಗ್ಗೆ ವಾದ ಕಟ್ಟಬಲ್ಲರು. ಎರಡೂ ಬೇಕಾದ ವಿದ್ಯೆಗಳೇ, ಆದರೆ ಒಂದು ಇನ್ನೊಂದರ ಬದಲಿಯಾಗದು. ಆದ್ದರಿಂದ ಅಂಕಪಟ್ಟಿಯ ಜೊತೆಗೆ ಗ್ರಂಥಸೂಚಿಯನ್ನೂ, ಅಧ್ಯಾಪಕರು ತಿದ್ದಿಕೊಟ್ಟ ಒಂದು ಪ್ರಬಂಧವನ್ನೂ ತರಿಸಿಕೊಳ್ಳಬೇಕು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇದಕ್ಕೆ ಆಧಾರವೇನು?’ ಎಂದು ಅಧ್ಯಾಪಕರು ಬರೆದಿದ್ದರೆ, ಆ ಕಾಲೇಜಿನಲ್ಲಿ ಎಂಥ ಓದು ನಡೆಯುತ್ತಿತ್ತು ಎಂಬುದು ತಿಳಿಯುತ್ತದೆ. ಅಂಕಪಟ್ಟಿಯಲ್ಲಿರುವ 72 ಎಂಬ ಅಂಕಿಗೆ ಅಷ್ಟು ಬಾಯಿಲ್ಲ.

ಬೈಬಲಿನ ಮೂಲಭಾಷೆಗಳಾದ ಗ್ರೀಕ್, ಹೀಬ್ರೂಗಳ ವಿಷಯದಲ್ಲಿ ಕಾಗದ ಪತ್ರಗಳನ್ನೆಲ್ಲ ಬದಿಗಿಡುವುದೇ ಒಳ್ಳೆಯದು. ಹತ್ತು ವರ್ಷದ ಹಿಂದೆ ಹೀಬ್ರೂವಿನಲ್ಲಿ ಪ್ರಥಮ ದರ್ಜೆ ಪಡೆದವರಿಗೆ ಇಂದು ಕ್ರಿಯಾಪದದ ಏಳು ಮುಖ್ಯ ರೂಪಗಳಲ್ಲಿ ಮೂರಾದರೂ ಗುರುತು ಸಿಗುತ್ತವೆಯೇ ಎಂಬುದನ್ನು ಪ್ರಮಾಣಪತ್ರ ಹೇಳಲಾರದು. ರೂತಳ ಪುಸ್ತಕದ ಮೊದಲ ಅಧ್ಯಾಯದಿಂದ ಹತ್ತು ವಚನ, ಮಾರ್ಕನ ಸುವಾರ್ತೆಯಿಂದ ಹತ್ತು ವಚನ ಮುಂದಿಟ್ಟು, ನಿಘಂಟು ಕೈಗೆ ಕೊಟ್ಟು, ಒಂದು ಗಂಟೆ ಬಿಟ್ಟುಬಿಡಿ. ಕ್ರಿಯಾಪದಗಳ ಮೂಲರೂಪ ಹುಡುಕಲು ಗೊತ್ತಿದೆಯೇ, ವಾಕ್ಯ ಎಲ್ಲಿ ಮುಗಿಯುತ್ತದೆಂದು ಕಾಣುತ್ತದೆಯೇ, ಅಷ್ಟು ಸಾಕು. ಇದು ಪಾಸು ಫೇಲಿನ ಪರೀಕ್ಷೆಯಲ್ಲ, ಯಾವ ತರಗತಿಯಲ್ಲಿ ಕೂರಿಸಬೇಕು ಎಂದು ತಿಳಿಯುವ ಪರೀಕ್ಷೆ. ಮುಂದಿನ ವರ್ಷ ಯೆಶಾಯನ ಪುಸ್ತಕವನ್ನು ಮೂಲ ಹೀಬ್ರೂವಿನಲ್ಲಿ ಓದುವ ತರಗತಿಗೆ ಹೋದಾಗ ಪಕ್ಕದವರ ಪುಸ್ತಕ ಇಣುಕುವಂತಾಗಬಾರದು ಎಂಬುದಷ್ಟೇ ಉದ್ದೇಶ. ಬೇರೆ ವಿಷಯಗಳಿಗೂ ನಾನು ಹಿಡಿಯುವ ಒರೆಗಲ್ಲು ಇದೇ. ನಮ್ಮ ಪಠ್ಯದೊಂದಿಗೆ ಅವರ ಪಠ್ಯ ಶೇಕಡಾ ಎಷ್ಟು ಹೊಂದುತ್ತದೆ ಎಂದು ಗೀಟು ಎಳೆಯುತ್ತ ಕೂರುವ ಬದಲು, ಇವರು ನಮ್ಮ ಮುಂದಿನ ತರಗತಿಯಲ್ಲಿ ನಿಲ್ಲಬಲ್ಲರೇ ಎಂದು ಕೇಳಬೇಕು.

ಈ ಧೋರಣೆಗೆ ದೊಡ್ಡವರ ಬೆಂಬಲವೂ ಇದೆ. ಯುರೋಪ್ ಮಂಡಳಿ ಮತ್ತು ಯುನೆಸ್ಕೊ ಸೇರಿ 1997ರಲ್ಲಿ ಲಿಸ್ಬನ್ನಿನಲ್ಲಿ ರೂಪಿಸಿದ ಒಡಂಬಡಿಕೆ ವ್ಯಾಸಂಗದ ಮಾನ್ಯತೆಯ ಪ್ರಶ್ನೆಯನ್ನು ತಿರುಗಿಸಿ ಹಾಕಿತು. ಗಣನೀಯ ವ್ಯತ್ಯಾಸವಿದೆ ಎಂದು ತೋರಿಸಲಾಗದಿದ್ದರೆ ಹಿಂದಿನ ಓದನ್ನು ಮನ್ನಿಸಬೇಕು. ವ್ಯತ್ಯಾಸವನ್ನು ತೋರಿಸುವ ಹೊಣೆ ನಿರಾಕರಿಸುವವರ ಮೇಲೆ. ಅರ್ಜಿದಾರನೇ ಬಾಗಿಲಿನಲ್ಲಿ ನಿಂತು ತನ್ನ ಓದಿನ ಮಾನವನ್ನು ರುಜುವಾತುಪಡಿಸುತ್ತಾ ಇರಬೇಕಾಗಿಲ್ಲ. ಚರ್ಚಿನ ಸ್ವಂತ ಕಾಲೇಜುಗಳೆಲ್ಲ ಈ ಒಡಂಬಡಿಕೆಯ ವ್ಯಾಪ್ತಿಗೆ ಬರುವುದಿಲ್ಲ, ನಿಜ. ಆದರೆ ಅದರ ನ್ಯಾಯವನ್ನು ಪಾಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಥೋಲಿಕ ಸಭೆ ಇದನ್ನು ತನ್ನ ಕಟ್ಟಳೆಯಲ್ಲೇ ಸೇರಿಸಿಕೊಂಡಿದೆ. 1983ರ ಧರ್ಮಸಭಾ ಸಂಹಿತೆಯ 250ನೆಯ ವಿಧಿಯ ಪ್ರಕಾರ ಗುರು, ಅಂದರೆ ಪಾದ್ರಿ, ಆಗುವವನ ಓದು ಕಡಿಮೆಯೆಂದರೆ ಆರು ವರ್ಷ: ಎರಡು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ. ಸಭೆಯ ದೈವಶಾಸ್ತ್ರ ವಿದ್ಯಾಪೀಠಗಳಲ್ಲಿ ಮೊದಲ ಹಂತದ ಪದವಿಗೆ ಐದು ವರ್ಷ; ಎರಡು ವರ್ಷದ ತತ್ತ್ವಶಾಸ್ತ್ರವನ್ನು ಮೊದಲೇ ಮುಗಿಸಿ ಬರುವ ಕಡೆ ಮೂರು ವರ್ಷ. ಹಿಂದಿನ ಓದಿಗೆ ಬೆಲೆ ಎಷ್ಟೆಂದು ಪ್ರತಿ ಅರ್ಜಿಗೂ ಸಮಿತಿ ಕೂರಬೇಕಾದ ಪ್ರಮೇಯವೇ ಅಲ್ಲಿಲ್ಲ. ಬಂಗಾಳದ ಸೆರಾಂಪುರ ಕಾಲೇಜಿನ ದಾರಿ ಇನ್ನೊಂದು ಬಗೆಯದು. 1818ರಲ್ಲಿ ಆರಂಭವಾಗಿ, 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಪದವಿ ನೀಡುವ ಸನ್ನದು ಪಡೆದ ಆ ಕಾಲೇಜಿನ ಸೆನೆಟ್ಟಿಗೆ ಇಂದು ಹಲವು ಪಂಗಡಗಳ ಕಾಲೇಜುಗಳು ಸೇರಿಕೊಂಡಿವೆ. ಪದವಿ ಕೊಡುವ ಸಂಸ್ಥೆ ಒಂದೇ ಆದಾಗ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವವರ ಕಷ್ಟ ಅರ್ಧ ಕರಗುತ್ತದೆ.

ಪಂಗಡ ಎಂದೆನಲ್ಲ, ದೈವಶಾಸ್ತ್ರ ಕಾಲೇಜಿಗೇ ವಿಶಿಷ್ಟವಾದ ತೊಡಕು ಅಲ್ಲಿದೆ. ಗಣಿತದ ಕಾಲೇಜಿನಲ್ಲಿ ಯಾರೂ ‘ನಿಮ್ಮದು ಯಾವ ಸಭೆಯ ಕಲನಶಾಸ್ತ್ರ’ ಎಂದು ಕೇಳುವುದಿಲ್ಲ. ಬ್ಯಾಪ್ಟಿಸ್ಟ್ ಕಾಲೇಜಿನಲ್ಲಿ ಸಂಸ್ಕಾರಗಳ ಬಗ್ಗೆ ಓದಿದವನು, ನಂಬಿ ಅರಿಕೆ ಮಾಡಿದವರಿಗೆ ಮಾತ್ರ ದೀಕ್ಷಾಸ್ನಾನ ಎಂದು ಕಲಿತು ಬಂದಿರುತ್ತಾನೆ. ಲೂಥರನ್ ಕಾಲೇಜಿನಲ್ಲಿ ಶಿಶುವಿಗೂ ದೀಕ್ಷಾಸ್ನಾನ; ಜೊತೆಗೆ ಆ ಸಭೆಯ ಮೂಲ ನಂಬಿಕೆಗಳನ್ನು ಹೇಳುವ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯನ್ನು ಪಂಕ್ತಿ ಪಂಕ್ತಿಯಾಗಿ ಓದಲೇಬೇಕು. ಹಾಗೆಂದು ಅವನ ಸಿದ್ಧಾಂತದ ಓದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿಸುವುದು ದುಂದು. ಬೈಬಲ್, ಸಭಾ ಚರಿತ್ರೆ, ಭಾಷೆಗಳು, ನೀತಿಶಾಸ್ತ್ರ ಇವು ಬೇಲಿಯ ಆಚೆಗೂ ಈಚೆಗೂ ಒಂದೇ ಎಂದು ಒಪ್ಪಿಕೊಂಡು, ತಮ್ಮ ಸಭೆಯ ಸಿದ್ಧಾಂತ ಮತ್ತು ಆರಾಧನಾ ಕ್ರಮಕ್ಕೆ ಒಂದೆರಡು ತರಗತಿಗಳನ್ನು ಕಡ್ಡಾಯ ಮಾಡಿದರೆ ಸಾಕು. ಎದುರು ಪಕ್ಷದ ವಾದವನ್ನು ಅದರ ಮನೆಯಲ್ಲೇ ಕಲಿತು ಬಂದ ಒಬ್ಬ ತರಗತಿಯಲ್ಲಿದ್ದರೆ ಉಳಿದವರಿಗೂ ಲಾಭ.

ಇನ್ನು ಅನುಭವ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯವರಿಗೆ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನವರಿಗೆ, ಒಂದು ವಿಷಯ ಕಣ್ಣಿಗೆ ಹೊಡೆದಂತೆ ಕಂಡಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಹೊಲ, ಮನೆ, ಮಕ್ಕಳನ್ನು ಬಿಟ್ಟು ವಸತಿ ಕಾಲೇಜಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಸೆಮಿನರಿಯೇ ಅವರ ಬಳಿಗೆ ಹೋಯಿತು: ಮನೆಯಲ್ಲಿ ತಾವೇ ಓದಿಕೊಳ್ಳಲು ಅಭ್ಯಾಸ ಪುಸ್ತಕ, ವಾರಕ್ಕೊಮ್ಮೆ ಅಧ್ಯಾಪಕರೊಂದಿಗೆ ಚರ್ಚೆ. ಆ ಪದ್ಧತಿ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ಅದರೊಂದಿಗೆ ಹೊಸ ಪ್ರಶ್ನೆಯೂ ಬಂತು: ವರ್ಷಗಟ್ಟಲೆ ಸಭಾಪಾಲನೆ ಮಾಡಿದವರಿಗೆ ಆ ಕೆಲಸದ ಪಾಠಕ್ಕೇ ಹಾಜರಿ ಹಾಕಬೇಕೆ?

ಇಪ್ಪತ್ತು ವರ್ಷ ವಾರಕ್ಕೊಂದು ಪ್ರಸಂಗ, ಅಂದರೆ ಆರಾಧನೆಯಲ್ಲಿ ವಚನದ ಮೇಲೆ ಬೋಧನೆ, ಮಾಡಿದವರು ಸಾವಿರಕ್ಕೂ ಹೆಚ್ಚು ಪ್ರಸಂಗ ಮಾಡಿರುತ್ತಾರೆ. ಅಷ್ಟು ಮಾಡಿ ಬಹಳ ಕಲಿತವರಿದ್ದಾರೆ. ಒಂದೇ ಪ್ರಸಂಗವನ್ನು ವಚನ ಬದಲಿಸಿ ಸಾವಿರ ಸಲ ಮಾಡಿದವರೂ ಇದ್ದಾರೆ. ವರ್ಷಗಳನ್ನು ಎಣಿಸಿ ಕ್ರೆಡಿಟ್ ಕೊಡುವುದು ಇದರಿಂದಲೇ ತಪ್ಪು. ಮೂರು ಪ್ರಸಂಗಗಳ ಬರಹ ತರಲಿ. ಆ ವಚನವನ್ನೇ ಏಕೆ ಆರಿಸಿದಿರಿ, ಸತ್ತವರ ಮನೆಯಲ್ಲಿ ಮಾತಾಡುವಾಗ ಏನನ್ನು ಬಿಟ್ಟಿರಿ, ಕೇಳಿದವರು ಮರುದಿನ ಏನೆಂದರು ಎಂದು ಇಬ್ಬರು ಅಧ್ಯಾಪಕರು ಒಂದು ಗಂಟೆ ಕೂತು ಕೇಳಲಿ. ತಾನು ಮಾಡಿದ ಕೆಲಸವನ್ನು ತಾನೇ ಹೊರಗೆ ನಿಂತು ನೋಡಬಲ್ಲವರಿಗೆ ಪ್ರಸಂಗಶಾಸ್ತ್ರದ ಕ್ರೆಡಿಟ್ ಸಲ್ಲಬೇಕು. ಬರೀ ನೆನಪುಗಳನ್ನು ಹೇಳುವವರನ್ನು ತರಗತಿಗೆ ಕರೆದುಕೊಳ್ಳಿ. ಮಿಕ್ಕ ವಿದ್ಯಾರ್ಥಿಗಳು ಆ ನೆನಪುಗಳಿಗಾಗಿ ಕಾದಿರುತ್ತಾರೆ.

‘ಜೀವನಾನುಭವ’ ಎಂಬ ಹೆಸರಿನಲ್ಲಿ ಹಣಕ್ಕೆ ಡಾಕ್ಟರೇಟ್ ಮಾರುವ ಅಂಗಡಿಗಳ ಬಗ್ಗೆ ಒಂದೇ ಮಾತು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಧಾರ್ಮಿಕ ಪದವಿ ಕೊಡುವ ಸಂಸ್ಥೆಗಳಿಗೆ ಸರ್ಕಾರದ ಪರವಾನಗಿಯಿಂದ ವಿನಾಯಿತಿ ಇದೆ. ಆ ಸಂದಿಯಲ್ಲಿ ಪ್ರಾಮಾಣಿಕರೂ ಇದ್ದಾರೆ, ವ್ಯಾಪಾರಿಗಳೂ ನುಸುಳಿದ್ದಾರೆ. ಮಾನ್ಯತೆ ಇಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬ ನಿಷ್ಠಾವಂತ ಅಧ್ಯಾಪಕ ನಡೆಸುವ ಸಣ್ಣ ಬೈಬಲ್ ಶಾಲೆಯನ್ನೂ ಆ ಅಂಗಡಿಯ ಸಾಲಿಗೆ ಸೇರಿಸಬಾರದು. ಅಲ್ಲಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಓದಲು ಬಿಟ್ಟು, ಚೆನ್ನಾಗಿ ಮಾಡಿದರೆ ಹಿಂದಿನದಕ್ಕೆ ಕ್ರೆಡಿಟ್ ಕೊಡುವುದು ಎರಡೂ ಕಡೆಗೆ ನ್ಯಾಯ.

ಎಷ್ಟೇ ಓದಿ ಬಂದಿದ್ದರೂ ಒಂದು ವರ್ಷವಾದರೂ ನಮ್ಮಲ್ಲಿರಬೇಕು ಎಂದು ಕೆಲವು ಕಾಲೇಜುಗಳು ಪಟ್ಟು ಹಿಡಿಯುತ್ತವೆ. ಶುಲ್ಕದ ಆಸೆ ಎಂದು ವಿದ್ಯಾರ್ಥಿಗಳು ಗೊಣಗುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಗುರುದೀಕ್ಷೆಗೆ ಮುಂಚೆ ಸಭೆಯ ಹಿರಿಯರು ಕಾಲೇಜನ್ನು ಕೇಳುವ ಪ್ರಶ್ನೆಗೆ ಅಂಕಗಳಲ್ಲಿ ಉತ್ತರವಿಲ್ಲ. ಈ ಮನುಷ್ಯನನ್ನು ನೀವು ಬಲ್ಲಿರಾ ಎಂದು ಅವರು ಕೇಳುತ್ತಾರೆ. ಬೆಳಗಿನ ಪ್ರಾರ್ಥನೆಗೆ ಬಂದಿದ್ದಾನೆಯೇ, ಜಗಳವಾದಾಗ ಹೇಗಿದ್ದ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಮಾತು ನಿಲ್ಲಿಸಲು ಬರುತ್ತದೆಯೇ ಎಂಬುದನ್ನು ಇನ್ನೊಂದು ಕಾಲೇಜಿನ ಪತ್ರದಿಂದ ತರಿಸಿಕೊಳ್ಳಲಾಗದು. ಅದಕ್ಕಾಗಿ ಮೇಲ್ವಿಚಾರಣೆಯ ಕ್ಷೇತ್ರಕಾರ್ಯಕ್ಕೆ ಮಾತ್ರ ನಾನು ವಿನಾಯಿತಿಯನ್ನೂ ಕೊಡೆ.

ಅರ್ಜಿ ಹಾಕುವವರಿಗೆ ಕೊನೆಯ ಮಾತು. ಪಠ್ಯಕ್ರಮವನ್ನು ನೀವು ಓದಿದ ವರ್ಷದ್ದನ್ನೇ ಕೇಳಿ ತೆಗೆದುಕೊಳ್ಳಿ, ಈಗಿನದು ಬೇರೆಯಾಗಿರುತ್ತದೆ. ಹಳೆಯ ಪದವಿಯಲ್ಲಿ ಬಳಸಿಬಿಟ್ಟ ಕ್ರೆಡಿಟ್ಟನ್ನು ಹೊಸ ಪದವಿಗೂ ಲೆಕ್ಕ ಹಿಡಿಯಲು ಬಹಳ ಕಾಲೇಜುಗಳು ಒಪ್ಪುವುದಿಲ್ಲ, ಒಪ್ಪಿದರೂ ಅದಕ್ಕೊಂದು ಮಿತಿ ಇರುತ್ತದೆ. ಎಷ್ಟೆಂದು ಮೊದಲೇ ವಿಚಾರಿಸಿ. ನಿಮಗೆ ಸಿಕ್ಕಿರುವುದು ವಿನಾಯಿತಿಯೋ ಕ್ರೆಡಿಟ್ಟೋ, ಯಾವ ಯಾವ ವಿಷಯಕ್ಕೆ, ಯಾವುದಕ್ಕೆ ಏಕೆ ಇಲ್ಲ ಎಂಬುದನ್ನು ಶುಲ್ಕ ಕಟ್ಟುವ ಮೊದಲು ರಿಜಿಸ್ಟ್ರಾರರ ಸಹಿಯೊಂದಿಗೆ ಬರೆಸಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆಗೆ ಬರೆಯಿರಿ. ಮೊದಲ ಸಲ ಇಲ್ಲವೆಂದ ಅಧ್ಯಾಪಕರಲ್ಲದೆ ಬೇರೊಬ್ಬರು ನೋಡಲಿ ಎಂದು ಆ ಪತ್ರದಲ್ಲಿಯೇ ಕೇಳಿ.

ನಮಸ್ಕಾರ.