ಕರಡು ಬರೆದ ನರಸಿಂಗ ರಾಯರು

ಕೇಳುಗರಿಗೆಲ್ಲ ನಮಸ್ಕಾರ.

1949ರ ನವೆಂಬರ್ 25. ಮಾರನೇ ದಿನ ನಮ್ಮ ಸಂವಿಧಾನ ಅಂಗೀಕಾರ ಆಗಬೇಕು. ಸಭೆಯಲ್ಲಿ ಎಲ್ಲರೂ ಅಂಬೇಡ್ಕರರನ್ನು ಬಾಯಿತುಂಬ ಹೊಗಳಿದ್ದಾರೆ. ಅಂಬೇಡ್ಕರರು ಎದ್ದು ನಿಂತು, ಈ ಶ್ರೇಯಸ್ಸು ಪೂರ್ತಿ ನನ್ನದಲ್ಲ, ಇದರಲ್ಲಿ ಒಂದು ಪಾಲು ಮೊದಲ ಕರಡು ಮಾಡಿಕೊಟ್ಟ ಸರ್ ಬಿ.ಎನ್. ರಾಯರಿಗೆ ಸೇರಬೇಕು ಅಂದರು. ಕರಡಿನ ಕೆಲಸ ಮಾಡಿದ ಎಸ್.ಎನ್. ಮುಖರ್ಜಿಯವರ ಹೆಸರನ್ನೂ ಹೇಳಿದರು.

ತುಮಕೂರಿನಲ್ಲಿ ನಾವೂ ಪ್ರತಿವರ್ಷ ನವೆಂಬರ್ 26ಕ್ಕೆ ಸಂವಿಧಾನ ದಿನ ಮಾಡುತ್ತೇವೆ. ಪೀಠಿಕೆ ಓದುತ್ತೇವೆ, ಭಾಷಣ ಆಗುತ್ತದೆ, ಕಾಫಿ ಆಗುತ್ತದೆ. ಆದರೆ ರಾಯರ ಹೆಸರು ಬರುವುದು ಅಪರೂಪ. ಅವರೇನು ದೂರದವರಲ್ಲ, ಮಂಗಳೂರಿನವರು. ಬೆನಗಲ್ ನರಸಿಂಗ ರಾವ್. ಹುಟ್ಟಿದ್ದು 1887ರ ಫೆಬ್ರವರಿ 26ರಂದು. ಓದಿದ್ದು ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ, ಆಮೇಲೆ ಮದ್ರಾಸಿನಲ್ಲಿ, ಅಲ್ಲಿಂದ ಕೇಂಬ್ರಿಜ್. ಬ್ರಿಟಿಷರ ಕಾಲದ ದೊಡ್ಡ ಸರ್ಕಾರಿ ನೌಕರಿಯ ಪರೀಕ್ಷೆ ಐ.ಸಿ.ಎಸ್. ಪಾಸಾಗಿ ಬಂಗಾಳಕ್ಕೆ ಹೋದರು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಇವರ ತಮ್ಮ.

ಇವರು ಕರಿ ಕೋಟು ಹಾಕಿ ಕಕ್ಷಿದಾರರ ಪರ ವಾದ ಮಾಡಿ ಹೆಸರು ಮಾಡಿದವರಲ್ಲ. ಇವರ ಕಾನೂನೆಲ್ಲ ಕಾಗದದ ಮೇಲೆ. ಅದು ಎಂಥ ಕೆಲಸ ಅಂತ ತಿಳಿಯಬೇಕಾದರೆ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಅಕ್ಕಪಕ್ಕ ಪತ್ರ ಬರೆಯುವವರನ್ನು ನೋಡಬೇಕು. ಒಳ್ಳೆಯ ಪತ್ರ ಬರಹಗಾರ ದುಡ್ಡಿನ ಮಾತಿಗಿಂತ ಮೊದಲು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿ, ಕೇಳುತ್ತಾನೆ. ಪೂರ್ವಕ್ಕೆ ಯಾರ ಜಮೀನು? ಪಶ್ಚಿಮಕ್ಕೆ ಹಳ್ಳ ಅಂದಿರಿ, ಯಾವ ಹಳ್ಳ? ದಡದವರೆಗೋ, ನಡುನೀರಿನವರೆಗೋ? ಬರೆಸುವವನಿಗೆ ಬೇಜಾರಾಗುತ್ತದೆ. ಸುಮ್ನೆ ಹಳ್ಳ ಅಂತ ಬರಕೊಳ್ಳಿ ಸ್ವಾಮಿ, ಬಸ್ಸಿಗೆ ಹೊತ್ತಾಯ್ತು ಅಂತಾನೆ. ಹಾಗೆ ಬರೆದುಕೊಟ್ಟ ಪತ್ರವೇ ಮೊಮ್ಮಕ್ಕಳ ಕಾಲಕ್ಕೆ ನಮ್ಮಂಥ ವಕೀಲರ ಟೇಬಲ್ಲಿಗೆ ಬರುತ್ತದೆ. ನರಸಿಂಗ ರಾಯರು ಜೀವಮಾನವೆಲ್ಲ ದೇಶದ ಚಕ್ಕುಬಂದಿ ಬರೆದರು ಅನ್ನಬಹುದು.

1935ರಲ್ಲಿ ಬ್ರಿಟಿಷರು ಹೊಸ ಭಾರತ ಸರ್ಕಾರ ಕಾಯ್ದೆ ತಂದರು. ಅದಕ್ಕೆ ಹೊಂದುವಂತೆ ಹಳೇ ಕಾಯ್ದೆಗಳನ್ನೆಲ್ಲ ತಿದ್ದಬೇಕಾಯಿತು. ಆ ಕೆಲಸ ರಾಯರ ಪಾಲಿಗೆ ಬಂತು. 1938ರಲ್ಲಿ ಅವರಿಗೆ ಸರ್ ಪದವಿ, ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶಗಿರಿ.

ಆಮೇಲೆ ಸಿಂಧೂ ನದಿಯ ತಕರಾರು. ಮೇಲೆ ಪಂಜಾಬು, ಕೆಳಗೆ ಸಿಂಧ್ ಪ್ರಾಂತ್ಯ. ಮೇಲಿನವರು ಅಣೆಕಟ್ಟು ಕಟ್ಟಿದರೆ ನಮ್ಮ ಕಾಲುವೆಗೆ ನೀರೆಲ್ಲಿ ಅಂತ ಸಿಂಧ್‌ನವರ ದೂರು. ಹೇಮಾವತಿ ನೀರು ಹಂಚಿಕೆಯ ಎಕ್ಸ್‌ಪ್ರೆಸ್ ಕೆನಾಲ್ ಗಲಾಟೆ ನೋಡಿದ ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ರಾಯರ ಅಧ್ಯಕ್ಷತೆಯ ಆಯೋಗ 1942ರಲ್ಲಿ ವರದಿ ಕೊಟ್ಟಿತು. ನದಿ ಮೇಲಿನವರ ಸ್ವಂತದ್ದೂ ಅಲ್ಲ, ಕೆಳಗಿನವರ ಸ್ವಂತದ್ದೂ ಅಲ್ಲ, ನ್ಯಾಯವಾಗಿ ಹಂಚಿಕೊಳ್ಳಬೇಕು ಅನ್ನುವುದು ಅದರ ಧೋರಣೆ. ಎರಡೂ ಕಡೆಯವರಿಗೆ ಅದು ಹಿಡಿಸಲಿಲ್ಲ. ನೀರಿನ ವರದಿಗಳ ಹಣೆಬರಹವೇ ಅಷ್ಟು.

1946ರ ಜುಲೈನಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ತೆಗೆದುಕೊಳ್ಳಲಿಲ್ಲ. ಸಭೆಯ ಸದಸ್ಯರೂ ಅಲ್ಲ, ಓಟೂ ಇಲ್ಲ. ಬೇರೆ ಬೇರೆ ದೇಶದ ಸಂವಿಧಾನಗಳನ್ನು ಹುಡುಕಿ, ಎಲ್ಲಿ ಏನಿದೆ ಅಂತ ಸದಸ್ಯರಿಗೆ ಓದಲು ಸಿದ್ಧ ಮಾಡಿಕೊಟ್ಟರು. 1947ರ ಅಕ್ಟೋಬರಿನಲ್ಲಿ 243 ವಿಧಿಗಳು, 13 ಅನುಸೂಚಿಗಳ ಮೊದಲ ಕರಡು ತಯಾರಾಯಿತು. ಅಂಬೇಡ್ಕರರ ಸಮಿತಿ ಅದನ್ನು ಹಿಂಜಿತು, ತಿದ್ದಿತು, ಹೊಸದಾಗಿ ಎಷ್ಟೋ ಸೇರಿಸಿತು. ಕೊನೆಗೆ ಅದು 395 ವಿಧಿಗಳಾಯಿತು. ಇತ್ತೀಚೆಗೆ ಕೆಲವರು ರಾಯರ ಹೆಸರು ಹಿಡಿದು ಅಂಬೇಡ್ಕರರನ್ನು ಸಣ್ಣದು ಮಾಡಲು ಹೊರಡುತ್ತಾರೆ. ಅದು ಶುದ್ಧ ತಲೆಹರಟೆ. ಕರಡು ಬರೆಯುವುದೇ ಬೇರೆ, ಅದನ್ನು ಸಭೆಯಲ್ಲಿ ಸಾಲು ಸಾಲಾಗಿ ಕಾಪಾಡಿ ದಡ ಮುಟ್ಟಿಸುವುದೇ ಬೇರೆ.

ಒಂದು ಕಡೆ ಮಾತ್ರ ನನಗೆ ರಾಯರ ಮೇಲೆ ತಕರಾರಿದೆ. ಕರಡು ಮುಗಿಸಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಸುತ್ತಿ ಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಒಂದು ಕಾನೂನು ನ್ಯಾಯವಾಗಿದೆಯೋ ಇಲ್ಲವೋ ಅಂತ ತೂಗುವ ಹೊರೆ ಕೋರ್ಟಿಗೆ ಜಾಸ್ತಿ ಹೊರಿಸಬೇಡಿ ಅನ್ನುವುದು ಆತನ ಸಲಹೆ. ರಾಯರಿಗೆ ಅದು ಒಪ್ಪಿಗೆಯಾಯಿತು. ಹಾಗಾಗಿ 21ನೇ ವಿಧಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮದಂತೆ ಹೊರತು ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಅಂತಷ್ಟೇ ಉಳಿಯಿತು. ಆ ಕ್ರಮ ನ್ಯಾಯವಾಗಿರಬೇಕು ಅನ್ನುವುದು ಬರಲಿಲ್ಲ. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ವಿಚಾರಣೆ ಇಲ್ಲದೆ ಜೈಲಿನಲ್ಲಿದ್ದಾಗ ಸುಪ್ರೀಂ ಕೋರ್ಟು ಆ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿಯಿತು. 1978ರ ಮೇನಕಾ ಗಾಂಧಿ ಕೇಸಿನಲ್ಲಿ ಆ ಕ್ರಮವೂ ನ್ಯಾಯವಾಗಿರಬೇಕು ಅಂತ ಕೋರ್ಟೇ ಹೇಳಬೇಕಾಯಿತು. ಇಂಥ ಚಕ್ಕುಬಂದಿಯ ಕಲ್ಲು ಸರಿಯಾದ ಜಾಗಕ್ಕೆ ಬರಲು ಇಷ್ಟು ವರ್ಷ ಹಿಡಿಯಿತು ನೋಡಿ.

ಇನ್ನು ರಾಜತಾಂತ್ರಿಕ ರಾಯರು. 1949ರಿಂದ ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿ. 1950ರ ಜೂನ್ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿಯಂತೆ ಭಾರತಕ್ಕೆ ಬಂದಿತ್ತು. ಜೂನ್ 25, ಭಾನುವಾರ. ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ಸಭೆ ಕೂಡಲೇ ಸೇರಿತು. ಯುದ್ಧ ನಿಲ್ಲಿಸಿ, ಹಿಂದೆ ಹೋಗಿ ಅನ್ನುವ ನಿರ್ಣಯಕ್ಕೆ ಭಾರತ ಹೂಂ ಅಂದಿತು. ಎರಡು ದಿನ ಬಿಟ್ಟು ಇನ್ನೊಂದು ನಿರ್ಣಯ: ದಕ್ಷಿಣ ಕೊರಿಯಾಕ್ಕೆ ಎಲ್ಲ ದೇಶಗಳೂ ನೆರವು ಕೊಡಬೇಕು. ಅಂದರೆ ಬೇಕಾದರೆ ಸೈನಿಕ ನೆರವೂ. ದೆಹಲಿಯಿಂದ ಸೂಚನೆ ಬಂದಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುವವರು ರಾಯರೇ. ಸುತ್ತ ಒತ್ತಡ. ಅವರು ಮತ ಹಾಕಲಿಲ್ಲ. ಈಜಿಪ್ಟಿನವರೂ ಹಾಕಲಿಲ್ಲ. ಏಳು ಮತಗಳಿಂದ ನಿರ್ಣಯ ಪಾಸಾಯಿತು. ಜೂನ್ 29ರಂದು ಭಾರತ ಒಪ್ಪಿಗೆ ತಿಳಿಸಿತು. ಕಕ್ಷಿದಾರ ಹೇಳದೆ ರಾಜಿ ಪತ್ರಕ್ಕೆ ಸಹಿ ಹಾಕುವ ವಕೀಲರನ್ನು ನಾನು ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ಕೈ ಎತ್ತದೆ ಕೂರುವುದು ಎಷ್ಟು ಕಷ್ಟ ಅನ್ನುವುದು ಈ ಕಸುಬಿನಲ್ಲಿರುವವರಿಗೆ ಗೊತ್ತು.

ಆ ಡಿಸೆಂಬರಿನಲ್ಲಿ ಕದನವಿರಾಮ ಮಾಡಿಸಲು ಮೂವರ ಗುಂಪು ಮಾಡಿದರು. ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ನಮ್ಮ ರಾಯರು. ಅಷ್ಟರಲ್ಲಿ ಉತ್ತರ ಕೊರಿಯಾದ ಪರ ಯುದ್ಧಕ್ಕೆ ಇಳಿದಿದ್ದ ಚೀನಾ ಒಪ್ಪಲಿಲ್ಲ. ಗುಂಡಿನ ಸದ್ದು ನಿಂತಿದ್ದು 1953ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದರು. ಅದೇ ವರ್ಷ ನವೆಂಬರ್ 30ಕ್ಕೆ ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಅವರ ಒಂದು ಕೆಲಸ ಮಾತ್ರ ಆಗಿನ್ನೂ ಬಾಕಿ ಇತ್ತು. ತುಮಕೂರಿನ ಸಿವಿಲ್ ಕೋರ್ಟಿನಲ್ಲಿ ಅದನ್ನು ದಿನಾ ನೋಡುತ್ತೇನೆ. 1941ರಲ್ಲಿ ಹಿಂದೂ ಕಾನೂನು ಸಮಿತಿ ಆಯಿತು, ರಾಯರೇ ಅಧ್ಯಕ್ಷರು. ಆಗ ನಮ್ಮ ಮೈಸೂರು ಸೀಮೆ ಒಂದು ಹೆಜ್ಜೆ ಮುಂದಿತ್ತು. 1933ರ ಕಾಯ್ದೆಯಲ್ಲೇ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿನಲ್ಲಿ ಒಂದಿಷ್ಟು ಹಕ್ಕು ಬಂದಿತ್ತು. ರಾಯರ ಸಮಿತಿ ಇಡೀ ದೇಶದ ಹಿಂದೂಗಳಿಗೆ ಒಂದೇ ಸಂಹಿತೆ ಬರೆಯಿತು. ಒಬ್ಬನಿಗೆ ಒಬ್ಬಳೇ ಹೆಂಡತಿ. ಮಗನ ಪಾಲಿನ ಅರ್ಧದಷ್ಟು ಮಗಳಿಗೆ. ಬರೀ ಅರ್ಧ! ಅದಕ್ಕೇ ದೇಶದಲ್ಲಿ ಕೋಲಾಹಲ. ಸಮಿತಿಯ ಒಬ್ಬ ಸದಸ್ಯರೇ ಭಿನ್ನಮತ ಬರೆದರು. ಮುಂದೆ ಅಂಬೇಡ್ಕರರು ಆ ಮಸೂದೆ ಕೈಗೆತ್ತಿಕೊಂಡು, ಅದು ಮೂಲೆಗೆ ಬಿದ್ದ ಬೇಸರದಲ್ಲಿ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. 1955, 56ರಲ್ಲಿ ಅದು ತುಂಡು ತುಂಡಾಗಿ ಕಾಯ್ದೆಯಾಯಿತು. ಆಗ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಬಂತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಅನ್ನುವುದು ನಮ್ಮ ಕರ್ನಾಟಕದಲ್ಲಿ 1994ಕ್ಕೆ, ದೇಶಕ್ಕೆಲ್ಲ 2005ಕ್ಕೆ.

ಕಾಯ್ದೆ ಬಂದರೂ ಗುಬ್ಬಿ, ಸಿರಾ, ಕುಣಿಗಲ್ ಕಡೆಯಿಂದ ಹಕ್ಕು ಬಿಡುಗಡೆ ಪತ್ರಗಳು ಇವತ್ತಿಗೂ ಬರುತ್ತಲೇ ಇವೆ. ಅಣ್ಣಂದಿರು ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ತವರಿನ ಬಳಕೆ ತಪ್ಪಬಾರದು ಅಂತ ಅಕ್ಕತಂಗಿಯರು ಹಾಕಿಕೊಡುತ್ತಾರೆ. ಕೇಳುತ್ತಿರುವ ಅಕ್ಕಂದಿರೇ, ಕೊಡುವುದೂ ಬಿಡುವುದೂ ನಿಮ್ಮಿಷ್ಟ. ಆದರೆ ಸಹಿಗೆ ಮುಂಚೆ ಆ ಪತ್ರವನ್ನು ಪೂರ್ತಿ ಓದಿಸಿ ಕೇಳಿ. ಯಾವ ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ ಅಂತ ಕೇಳಿ ತಿಳಿದುಕೊಳ್ಳಿ.

ನಮಸ್ಕಾರ.