ವಿಭಾಗದ ಸಂಶೋಧನೆಯನ್ನು ಉಲ್ಲೇಖಗಳಿಂದ ಅಳೆಯುವಾಗ

ಎಲ್ಲರಿಗೂ ನಮಸ್ಕಾರ.

ಬೇರೆ ಬೇರೆ ವಿಭಾಗಗಳ ಮುಖ್ಯಸ್ಥರು ಇಲ್ಲಿದ್ದೀರಿ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಮುಂಚೆ, ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್ ಹತ್ತಿರವಾದಾಗ, ಲೈಬ್ರರಿಗೆ ಬರುವ ಫೋನು ಒಂದೇ: "ನಮ್ಮ ವಿಭಾಗಕ್ಕೆ ಎಷ್ಟು ಸೈಟೇಶನ್ ಇದೆ, ಒಂದು ನಂಬರ್ ಕೊಡಿ." ಸೈಟೇಶನ್ ಅಂದರೆ ಉಲ್ಲೇಖ, ಒಬ್ಬರ ಬರಹವನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರಿಸುವುದು. ನಂಬರ್ ಕೊಡಬಹುದು. ಆದರೆ ಅದರೊಳಗೆ ಯಾರ ಕೆಲಸ ಸೇರುತ್ತದೆ, ಯಾರದು ಬಿಟ್ಟುಹೋಗುತ್ತದೆ ಎಂದು ನೋಡದೆ ಕೊಟ್ಟರೆ ಅನ್ಯಾಯ ಆಗುತ್ತದೆ.

ಈ ಎಣಿಕೆ ಶುರುವಾಗಿದ್ದು ಬೇರೆ ಕಾರಣಕ್ಕೆ. ಅಮೆರಿಕದ ವಕೀಲರ ಬಳಿ 19ನೇ ಶತಮಾನದಿಂದಲೇ ಒಂದು ಸೂಚಿ ಇತ್ತು. ಹಳೆಯ ತೀರ್ಪೊಂದನ್ನು ಮುಂದೆ ಯಾವ ಯಾವ ಕೋರ್ಟು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ಅದರಲ್ಲಿ ನೋಡಬಹುದಿತ್ತು. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಈ ಉಪಾಯವನ್ನು ವಿಜ್ಞಾನಕ್ಕೆ ತರಬಹುದು ಎಂದು ಬರೆದರು. 1960ರ ದಶಕದಲ್ಲಿ, ಯಾವ ಲೇಖನವನ್ನು ಯಾರು ಉಲ್ಲೇಖಿಸಿದರು ಎಂದು ತೋರಿಸುವ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂತು. ಓದಬೇಕಾದ ಲೇಖನಗಳನ್ನು ಹುಡುಕಲು ಅದೊಂದು ಒಳ್ಳೆಯ ದಾರಿ. ಆದರೆ ವಕೀಲರ ಸೂಚಿಯಲ್ಲಿದ್ದ ಮುಖ್ಯ ಮಾಹಿತಿ ಇಲ್ಲಿ ಬಿದ್ದುಹೋಯಿತು. ಒಪ್ಪಿ ಉಲ್ಲೇಖಿಸಿದರೂ ಒಂದು, ಖಂಡಿಸಿ ಉಲ್ಲೇಖಿಸಿದರೂ ಒಂದು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲ್ಯಾನ್ಸೆಟ್ ಲೇಖನವನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು. ಅದನ್ನು ತಪ್ಪು ಎಂದು ಹೇಳಲು ಉಲ್ಲೇಖಿಸಿದವರೂ ಎಣಿಕೆಗೆ ಸೇರುತ್ತಾರೆ.

ಇನ್ನೊಂದು ಕಡೆ ನೋಡಿ. ಪ್ರೋಟೀನ್ ಅಳೆಯುವ ವಿಧಾನ ಹೇಳಿದ ಲೌರಿ ಮತ್ತು ಸಂಗಡಿಗರ 1951ರ ಲೇಖನಕ್ಕೆ ಮೂರು ಲಕ್ಷಕ್ಕೂ ಜಾಸ್ತಿ ಉಲ್ಲೇಖಗಳಿವೆ. ಡಿಎನ್‌ಎ ರಚನೆ ತೋರಿಸಿದ 1953ರ ಲೇಖನ, 2014ರಲ್ಲಿ ನೇಚರ್ ಪತ್ರಿಕೆ ಪಟ್ಟಿ ಮಾಡಿದಾಗ, ಮೊದಲ ನೂರರಲ್ಲೂ ಇರಲಿಲ್ಲ. ಲ್ಯಾಬಿನಲ್ಲಿ ದಿನವೂ ಬೇಕಾಗುವ ವಿಧಾನಕ್ಕೆ ಉಲ್ಲೇಖ ಜಾಸ್ತಿ, ಅಷ್ಟೆ.

ಸರಾಸರಿಯನ್ನೂ ನಂಬಬೇಡಿ. ಒಂದು ವಿಭಾಗದಲ್ಲಿ 20 ಲೇಖನ ಇವೆ ಅಂದುಕೊಳ್ಳಿ. ಒಂದಕ್ಕೆ 400 ಉಲ್ಲೇಖ, ಉಳಿದ 19ಕ್ಕೆ ತಲಾ ಎರಡು. ಸರಾಸರಿ ಸುಮಾರು 22 ಬರುತ್ತದೆ! ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿದರೆ ಸಿಗುವುದು ಎರಡೇ. ಆ ಒಂದು ಲೇಖನ ಬರೆದವರು ಬೇರೆ ಕಡೆಗೆ ಹೋದರೆ ವಿಭಾಗದ ಲೆಕ್ಕವೇ ಬದಲಾಗುತ್ತದೆ. ಗಣಿತ ವಿಭಾಗವನ್ನು ಜೀವರಸಾಯನಶಾಸ್ತ್ರದ ಪಕ್ಕ ನಿಲ್ಲಿಸುವುದಂತೂ ಬೇಡವೇ ಬೇಡ. ಗಣಿತದವರ ಪರಾಮರ್ಶನ ಪಟ್ಟಿ ಚಿಕ್ಕದು, ಅವರ ಲೇಖನಕ್ಕೆ ಉಲ್ಲೇಖ ಬರುವುದೂ ನಿಧಾನ. ಅದೇ ವಿಷಯದ, ಅದೇ ವರ್ಷದ ಲೇಖನಗಳ ಜೊತೆ ಹೋಲಿಸಿದರೆ ಮಾತ್ರ ಅರ್ಥ ಇದೆ.

ನಮ್ಮ ಊರುಗಳಿಗೇ ಅಂಟಿದ ಒಂದು ತೊಡಕೂ ಇದೆ. 2014ರ ನವೆಂಬರ್ 1ರಂದು ಮೈಸೂರು, ಬೆಂಗಳೂರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತು. ವಿಶ್ವವಿದ್ಯಾಲಯದ ವಿಳಾಸವನ್ನು ಒಬ್ಬರು ಹಳೆಯ ಸ್ಪೆಲಿಂಗಿನಲ್ಲಿ, ಇನ್ನೊಬ್ಬರು ಹೊಸದರಲ್ಲಿ ಬರೆಯುತ್ತಾರೆ. ಬರೀ ಕ್ಯಾಂಪಸ್ಸಿನ ಹೆಸರು, ಮಾನಸಗಂಗೋತ್ರಿ ಅಂತಲೋ ಜ್ಞಾನಭಾರತಿ ಅಂತಲೋ ಬರೆದರೆ ಕಂಪ್ಯೂಟರಿಗೆ ಏನು ಗೊತ್ತಾಗಬೇಕು? ಹೆಸರುಗಳ ಕಥೆಯೂ ಹಾಗೇ. ನಮ್ಮಲ್ಲಿ ಮನೆತನದ ಹೆಸರಿಗಿಂತ ಇನಿಷಿಯಲ್ ಜಾಸ್ತಿ. ಅದು ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ. ಒಬ್ಬರೇ ಮೇಷ್ಟ್ರು ಡೇಟಾಬೇಸಿನಲ್ಲಿ ಇಬ್ಬರು ಮೂವರಾಗಿ ಒಡೆದುಹೋಗುತ್ತಾರೆ. ಅದಕ್ಕೇ ಪ್ರತಿಯೊಬ್ಬರೂ ಆರ್ಕಿಡ್ (ORCID) ಸಂಖ್ಯೆ, ಅಂದರೆ ಒಬ್ಬ ಸಂಶೋಧಕರಿಗೆ ಒಂದೇ ಎಂಬ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಿ. ನಿಮ್ಮ ಲೇಖನಗಳ ಪಟ್ಟಿಯನ್ನು ನೀವೇ ಒಮ್ಮೆ ನೋಡಿ, ಸರಿ ಇದೆ ಎಂದು ಹೇಳಿ. ಆಮೇಲೆ ಎಣಿಸೋಣ.

ಈಗ ನನಗೆ ಬಹಳ ಮುಖ್ಯ ಅನಿಸುವ ವಿಷಯ. ಕನ್ನಡ ವಿಭಾಗ, ಜಾನಪದ, ಇತಿಹಾಸ. ಉಲ್ಲೇಖ ಎಣಿಸುವ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ಹುಡುಕಿದರೆ ಇವರ ಕೆಲಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಇಲ್ಲಿ ಸಂಶೋಧನೆ ಬರುವುದು ಪುಸ್ತಕವಾಗಿ, ಸಂಪಾದಿತ ಹಸ್ತಪ್ರತಿಯಾಗಿ, ಅಭಿನಂದನ ಗ್ರಂಥದ ಲೇಖನವಾಗಿ. ಅದಕ್ಕೆ ಉಲ್ಲೇಖ ಬರುವುದು ಇನ್ನೊಂದು ಕನ್ನಡ ಪುಸ್ತಕದ ಅಡಿಟಿಪ್ಪಣಿಯಲ್ಲಿ. ಡೇಟಾಬೇಸು ಆ ಪುಟ ತೆರೆದೇ ನೋಡುವುದಿಲ್ಲ. ಅದು ತೋರಿಸುವ ಸೊನ್ನೆಯನ್ನು ವರದಿಯಲ್ಲಿ ಬರೆದು, ಈ ವಿಭಾಗದ ಪ್ರಭಾವ ಇಷ್ಟೇ ಎಂದು ಹೇಳುವುದು ಸುಳ್ಳು ಹೇಳಿದಂತೆ. ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವಾಗ ಪಾಲಿಸಬೇಕಾದ ತತ್ವಗಳನ್ನು ಹೇಳುವ 2015ರ ಲೈಡನ್ ಮ್ಯಾನಿಫೆಸ್ಟೋ ಇದನ್ನು ನೇರವಾಗಿಯೇ ಹೇಳಿದೆ: ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಬೇಕು.

ಹಾಗಾದರೆ ಏನು ಮಾಡೋಣ? ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಕನ್ನಡದ ಪಿಎಚ್‌ಡಿ ಮಹಾಪ್ರಬಂಧಗಳು ಸಿಗುತ್ತವೆ. ಪ್ರತಿಯೊಂದರ ಕೊನೆಗೂ ಪರಾಮರ್ಶನ ಗ್ರಂಥಗಳ ಪಟ್ಟಿ ಇರುತ್ತದೆ. ನಮ್ಮ ಅಧ್ಯಾಪಕರ ಯಾವ ಪುಸ್ತಕ ಯಾವ ಪಟ್ಟಿಯಲ್ಲಿದೆ ಎಂದು ಕೈಯಲ್ಲೇ ಗುರುತು ಹಾಕಬಹುದು. ನಮ್ಮ ವಿಭಾಗದ ವಿದ್ಯಾರ್ಥಿಗಳು ಬರೆದದ್ದನ್ನು ಬೇರೆ ಇಡಿ. ತಮ್ಮ ಗೈಡ್ ಬರೆದ ಪುಸ್ತಕ ಅವರ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಅಲ್ವಾ? ಬೇರೆ ವಿಶ್ವವಿದ್ಯಾಲಯದವರು ಉಲ್ಲೇಖಿಸಿದ್ದರೆ ಆ ಪುಟ ತೆರೆದು ಓದಿ. ಒಪ್ಪಿದ್ದಾರಾ, ತಿದ್ದಿದ್ದಾರಾ, ಸುಮ್ನೆ ಹೆಸರು ಹಾಕಿದ್ದಾರಾ ಎಂದು ಒಂದು ಸಾಲು ಬರೆದುಕೊಳ್ಳಿ. ಕೆಲಸ ನಿಧಾನ, ನಿಜ. ಆದರೆ ವಕೀಲರ ಹಳೆಯ ಸೂಚಿಗೆ ಗೊತ್ತಿದ್ದದ್ದು ಈ ಪಟ್ಟಿಗೂ ಗೊತ್ತಿರುತ್ತದೆ. ಈ ವರ್ಷ ಕನ್ನಡ ವಿಭಾಗದಿಂದಲೇ ಶುರು ಮಾಡೋಣ. ಲೈಬ್ರರಿ ಕಡೆಯಿಂದ ಇಬ್ಬರನ್ನು ಕೊಡುತ್ತೇವೆ, ವಿಭಾಗದಿಂದಲೂ ಇಬ್ಬರು ಬಂದರೆ ಸಾಕು.